ಈಚಲ ಚಾಪೆಯ ಭಾನುವಾರ

ಮೈಸೂರು
ಆಗಸ್ಟ್ ೧೦, ೧೯೧೩, ಭಾನುವಾರ

ಪೂಜ್ಯ ಕೊಟ್ಟೂರಪ್ಪ ಮೇಷ್ಟ್ರಿಗೆ,

ಚಿನ್ನಯ್ಯನ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ. ಒಂದು ಸಂಜೆ ಬಿಡುವು ಮಾಡಿಕೊಂಡು ನಮ್ಮ ಹಟ್ಟಿಗೆ ಹೋಗಿ ಈ ಕಾಗದವನ್ನು ಅಪ್ಪನಿಗೂ ಅವ್ವನಿಗೂ ಓದಿ ಹೇಳಬೇಕು. ಚಳ್ಳಕೆರೆಯಿಂದ ಹಟ್ಟಿಗೆ ನಡೆಯುವುದು ನಿಮ್ಮ ಮೊಣಕಾಲಿಗೆ ಶಿಕ್ಷೆ ಎಂದು ಗೊತ್ತು. ಆದರೆ ಅವ್ವ ಮಜ್ಜಿಗೆ ಕೊಡದೆ ಕಳಿಸುವವಳಲ್ಲ.

ಕಾಲೇಜು ಸೇರಿ ಒಂದು ವರ್ಷವಾಯಿತು. ಇಲ್ಲಿ ವಾರಕ್ಕೆಲ್ಲ ಒಂದೇ ಹಬ್ಬ, ಅದು ಭಾನುವಾರ. ಅವತ್ತು ಹಾಸ್ಟೆಲಿನ ಅಡಿಗೆಯವನು ಒಲೆ ಹಚ್ಚುವುದು ಸಂಜೆಗೆ. ಹೀಗಾಗಿ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು, ನಾವು ಕೆಲವರು ದೊಡ್ಡಪೇಟೆಯ ಭಟ್ಟರ ಹೋಟೆಲಿಗೆ ಹೊರಡುತ್ತೇವೆ. ಬೆಳಗಿನ ತಿಂಡಿಗೆ ತಡ, ಮಧ್ಯಾಹ್ನದ ಊಟಕ್ಕೆ ಬೇಗ. ಎರಡನ್ನೂ ಒಂದೇ ಸಲ ಮುಗಿಸುವ ಏರ್ಪಾಡು. ಒಳಗಿನ ಹಜಾರ ಬ್ರಾಹ್ಮಣರಿಗೆ, ಜಗಲಿ ಉಳಿದವರಿಗೆ. ಜಗಲಿಯೇ ಚೆನ್ನ, ಪೇಟೆಯೆಲ್ಲ ಕಾಣುತ್ತದೆ. ಎಲೆಯ ಮೇಲೆ ದೋಸೆ ಬೀಳುತ್ತದೆ, ಅದರ ಮೇಲೆ ಬೆಣ್ಣೆ ಬೀಳುತ್ತದೆ, ಆಮೇಲೆ ಯಾರೂ ಮಾತಾಡುವುದಿಲ್ಲ. ಕಾಫಿ ಬಂದ ಮೇಲೆ ಮತ್ತೆ ಬಾಯಿ ತೆರೆಯುತ್ತೇವೆ. ನನ್ನ ಜೊತೆಗಾರ ಕ್ಯಾತಪ್ಪ ಷೇಕ್ಸ್‌ಪಿಯರ್ ಪಾಠ ಮಾಡುವ ದೊರೆಯನ್ನು ಅಣಕಿಸಿ ತೋರಿಸುತ್ತಾನೆ. ನಕ್ಕು ನಕ್ಕು ಕಾಫಿ ಮೂಗಿಗೆ ಹತ್ತುತ್ತದೆ.

ಇವತ್ತು ಅಲ್ಲಿಗೆ ಯಾರು ಬಂದರು ಗೊತ್ತೇ? ಮೊಳಕಾಲ್ಮೂರಿನ ಬೊಮ್ಮಣ್ಣ! ರೇಷ್ಮೆ ಸೀರೆಯ ಗಂಟು ಹೊತ್ತು ಮೈಸೂರಿಗೆ ವ್ಯಾಪಾರಕ್ಕೆ ಬಂದವರು ನನ್ನನ್ನು ಹುಡುಕಿಕೊಂಡು ಬಂದರು. ಬೀದಿಯಿಂದಲೇ ಕ್ಷೇಮ ವಿಚಾರಿಸುತ್ತ "ಏಮಿರಾ ಚಿನ್ನಯ್ಯಾ, ಬಾಗುನ್ನಾವಾ!" ಎಂದು ಕೂಗಿದರು. ನಮ್ಮ ಸೀಮೆಯ ಆ ತೆಲುಗುಗನ್ನಡ ಕಿವಿಗೆ ಬಿದ್ದು ನನಗೆ ಅಳು ಬರುವಂತಾಯಿತು. ಅವರೂ ಕೂತರು, ಅವರೂ ತಿಂದರು. ತಿಂದು ಕೈ ತೊಳೆದ ಮೇಲೂ ಬೆರಳು ಮೂಸಿ ನೋಡುತ್ತಿದ್ದರು. ಚಳ್ಳಕೆರೆ ಸಂತೆಗೆ ಬಂದಾಗ ನಿಮ್ಮನ್ನು ಕಾಣುತ್ತಾರೆ.

ಇಷ್ಟೆಲ್ಲ ಸಂತೋಷದ ನಡುವೆಯೂ ನನಗೆ ಬೆಳಗಾಗುವಾಗ ಹಟ್ಟಿಯೇ ಕಾಣುತ್ತದೆ. ರೊಪ್ಪದಲ್ಲಿ ದೇವರ ದನಗಳು ಏಳುವ ಸದ್ದು, ಅವ್ವ ರೊಟ್ಟಿ ಬಡಿಯುವ ಸದ್ದು. ಅಪ್ಪನ ಸದ್ದು ಮಾತ್ರ ನೆನಪಿಗೆ ಬರುವುದಿಲ್ಲ. ಅವನು ಮಾತಾಡಿದ್ದೇ ಕಡಿಮೆ.

ನಿಮ್ಮ ಶಿಷ್ಯ,
ಚಿನ್ನಯ್ಯ

*

ಚಳ್ಳಕೆರೆ
ಸೆಪ್ಟೆಂಬರ್ ೫, ೧೯೧೩

ಚಿರಂಜೀವಿ ಚಿನ್ನಯ್ಯನಿಗೆ,

ಕೊಟ್ಟೂರಪ್ಪನ ಆಶೀರ್ವಾದ. ನಿನ್ನ ಕಾಗದ ಓದಿ ನಾನು ಒಂದು ದಿನ ಪಾಠವನ್ನೇ ಸರಿಯಾಗಿ ಮಾಡಲಿಲ್ಲ. ನಾನೂ ಒಂದು ಕಾಲಕ್ಕೆ ಮೈಸೂರಿನ ನಾರ್ಮಲ್ ಸ್ಕೂಲಿನಲ್ಲಿ ಓದಿದವನಯ್ಯ. ಆಗ ಕಾಫಿ ಎಂಬುದು ದೊರೆಗಳ ಪಾನ. ನಮಗೆ ಒಬ್ಬ ಮುದುಕಿ ಸಂತೆಪೇಟೆಯ ಮೂಲೆಯಲ್ಲಿ ಇಡ್ಲಿ ಬೇಯಿಸಿ ಮಾರುತ್ತಿದ್ದಳು. ಒಬ್ಬನಿಗೆ ಚಟ್ನಿ ಹೆಚ್ಚು ಹಾಕಿದಳೆಂದು ನಾವು ವಾರಗಟ್ಟಲೆ ಜಗಳವಾಡಿದ್ದೇವೆ. ಆ ಜಗಳದ ಗೆಳೆಯರೆಲ್ಲ ಈಗ ಎಲ್ಲಿದ್ದಾರೋ! ಒಬ್ಬನ ಮುಖವೂ ಸರಿಯಾಗಿ ಜ್ಞಾಪಕವಿಲ್ಲ, ಚಟ್ನಿಯ ಖಾರ ಮಾತ್ರ ಇನ್ನೂ ಇದೆ.

ಇನ್ನು ಬರೆಯಬೇಕಾದ್ದನ್ನು ಬರೆಯುತ್ತೇನೆ. ಅದಕ್ಕೇ ಇಷ್ಟು ಸುತ್ತು ಹಾಕಿದೆ.

ಬೊಮ್ಮಣ್ಣ ಸಂತೆಗೆ ಬಂದ. ನಿಮ್ಮಪ್ಪನೂ ಹಟ್ಟಿಯ ಹಿರಿಯರೂ ಅವತ್ತು ಉಣ್ಣೆ ಮಾರಲು ಬಂದು ನಮ್ಮ ಶಾಲೆಯ ಮುಂದಿನ ಹುಣಸೆಮರದ ಕೆಳಗೆ ಕುಳಿತಿದ್ದರು. ಬೊಮ್ಮಣ್ಣನಿಗೆ ನಿನ್ನನ್ನು ಎಷ್ಟು ಹೊಗಳಿದರೂ ಸಾಲದು. "ಕಾಟಪ್ಪಾ, ನಿನ್ನ ಮಗ ಏನು ಮಗನಯ್ಯಾ! ದೊಡ್ಡಪೇಟೇಲಿ ಈಚಲ ಚಾಪೆ ಮ್ಯಾಲೆ ರಾಜನಂಗೆ ಚಕ್ಕಂಬಟ್ಲೆ ಹಾಕ್ಕೊಂಡು ಕುಂತಿದ್ದ. ಆ ದ್ವಾಸೆ ಬಂತು ನೋಡು..." ಎಂದು ಶುರು ಮಾಡಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾಪ, ಅವನು ಮಗ್ಗದ ಮನೆಯವನು. ನಿಮ್ಮವರು ಹೆಂಡ ಮುಟ್ಟುವವರಲ್ಲ ಎಂದು ಗೊತ್ತು. ಹೆಂಡ ಕೊಡುವ ಈಚಲು ಮರವನ್ನೂ, ಅದರ ಗರಿಯ ಪೊರಕೆಯನ್ನೂ, ಚಾಪೆಯನ್ನೂ ಮುಟ್ಟುವವರಲ್ಲ ಎಂದು ಅವನಿಗೇನು ಗೊತ್ತು? ನೀನು ನನ್ನ ಶಾಲೆಯಲ್ಲಿ ಓದುವಾಗ ಎಲ್ಲ ಮಕ್ಕಳೂ ಚಾಪೆಯ ಮೇಲೆ ಕುಳಿತರೆ ನೀನೊಬ್ಬ ಕಂಬಳಿ ತುಂಡು ಹಾಸಿಕೊಂಡು ಕೂರುತ್ತಿದ್ದೆ. ಹಿರಿಯರೆಲ್ಲ ನಿಮ್ಮಪ್ಪನ ಮುಖ ನೋಡಿದರು. ನಿಮ್ಮಪ್ಪ ಬೊಮ್ಮಣ್ಣನ ಮಾತು ಮುಗಿಯುವ ಮುಂಚೆಯೇ ಎದ್ದು ಹೋದ.

ಬೇರೆ ಯಾರ ಮಗನಾದರೂ ಹೇಗೋ ಆಗುತ್ತಿತ್ತು. ನಿನ್ನಪ್ಪ ಕಟ್ಟೆಮನೆಯ ಯಜಮಾನ. ಹಟ್ಟಿಯ ತಪ್ಪು ಒಪ್ಪುಗಳನ್ನು ಕಟ್ಟೆಯ ಮೇಲೆ ಕೂತು ಹೇಳುವವನೇ ಅವನು. ಹೇಳಿಯೂ ಬಿಟ್ಟ. ನೀನು ಊರಿಗೆ ಬಂದು, ಹಳ್ಳದಲ್ಲಿ ಮಿಂದು, ಕಾಯಿಸಿದ ಬಂಗಾರದ ಕಡ್ಡಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡು, ತೀರ್ಥ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ನಿನಗೆ ನೀರೂ ಇಲ್ಲ, ಕೂಳೂ ಇಲ್ಲ. ದೀಪಾವಳಿಗೆ ಬಾ. ಕ್ಷಣದ ಕೆಲಸ, ಮುಗಿಸಿಕೊಂಡು ಅವ್ವನ ಕೈ ಊಟ ಮಾಡಿ ಹೋಗು. ಅವಳು ನನಗೆ ಮಜ್ಜಿಗೆ ಕೊಡುವುದನ್ನೂ ಮರೆತಿದ್ದಾಳೆ.

ಇತಿ,
ಕೊಟ್ಟೂರಪ್ಪ

*

ಮೈಸೂರು
ಸೆಪ್ಟೆಂಬರ್ ೨೧, ೧೯೧೩

ಪೂಜ್ಯ ಮೇಷ್ಟ್ರಿಗೆ,

ನಮಸ್ಕಾರಗಳು. ನಾನು ತಿಳಿಯದೆ ಕೂತೆ ಎಂದು ಬರೆದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ನಿಮಗೆ ಸುಳ್ಳು ಬರೆಯಲಾರೆ. ಮೊದಲನೆಯ ದಿನ ಆ ಚಾಪೆ ನೋಡಿ ಕಂಬದ ಹತ್ತಿರ ನಿಂತೇ ಇದ್ದೆ. ಕಾಲು ಮುಂದೆ ಬರಲಿಲ್ಲ. ಆಗ ಕ್ಯಾತಪ್ಪ ಪಕ್ಕಕ್ಕೆ ಸರಿದು, ಕೈಯಿಂದ ಧೂಳು ಒರೆಸಿ, "ಬಾರಯ್ಯ, ನಿನಗೇ ಜಾಗ ಇಟ್ಟೀನಿ" ಅಂದ. ಮೈಸೂರಿಗೆ ಬಂದು ತಿಂಗಳಾಗಿತ್ತು. ಅಲ್ಲಿಯವರೆಗೆ ಒಬ್ಬರೂ ನನಗಾಗಿ ಜಾಗ ಇಟ್ಟಿರಲಿಲ್ಲ. ಹೋಗಿ ಕೂತೆ.

ಕ್ಯಾತಪ್ಪ ತುಮಕೂರು ಕಡೆಯವನು. ಅವನ ಅಪ್ಪ ಈಚಲು ಮರ ಹತ್ತಿ ಹೆಂಡ ಇಳಿಸುವವನು, ಆ ಸಂಪಾದನೆಯಲ್ಲೇ ಮಗನನ್ನು ಓದಿಸುತ್ತಿದ್ದಾನೆ. ಈಗ ನಾನು ಊರಿಗೆ ಬಂದು ನಾಲಿಗೆ ಚಾಚಿದರೆ ಏನರ್ಥ? ಅವನ ಪಕ್ಕದಲ್ಲಿ ಕೂತದ್ದು ಹೊಲಸು ಎಂದು ಒಪ್ಪಿಕೊಂಡಂತೆ. ಸುಡುವುದಕ್ಕೆ ನಾನು ಹೆದರುವವನಲ್ಲ ಮೇಷ್ಟ್ರೇ. ಒಪ್ಪಿಕೊಳ್ಳುವುದು ನನ್ನಿಂದ ಆಗದು. ದೀಪಾವಳಿಗೆ ಬರುವುದಿಲ್ಲ.

ಅವ್ವನಿಗೆ ಇದನ್ನೆಲ್ಲ ಓದಬೇಡಿ. ಪರೀಕ್ಷೆ ಇದೆ ಅಂತ ಹೇಳಿ. ಹಬ್ಬದ ದಿನ ದನದ ರೊಪ್ಪದಲ್ಲಿ ದೀಪ ಇಡುವಾಗ ಅವಳು ನನ್ನ ಕೈಗೆ ಎಣ್ಣೆ ಬಟ್ಟಲು ಕೊಡುತ್ತಿದ್ದಳು. ಗಾಳಿಗೆ ಒಂದೊಂದೇ ದೀಪ ಆರುತ್ತಿತ್ತು, ನಾನು ಹಿಂದಿರುಗಿ ಹೋಗಿ ಹಚ್ಚುತ್ತಿದ್ದೆ, ಅವಳು ನಗುತ್ತಿದ್ದಳು. ಈ ಸಲ ಬೇರೆ ಯಾರ ಕೈಗಾದರೂ ಬಟ್ಟಲು ಕೊಡಲಿ.

ಚಿನ್ನಯ್ಯ

*

ಚಳ್ಳಕೆರೆ
ನವೆಂಬರ್ ೪, ೧೯೧೩

ಚಿನ್ನಯ್ಯನಿಗೆ,

ಪರೀಕ್ಷೆ ಎಂದು ನಿನ್ನ ಪರವಾಗಿ ಸುಳ್ಳು ಹೇಳಿದೆ. ನಿನ್ನವ್ವ ನನ್ನ ಮುಖವನ್ನು ಒಂದು ಸಲ ನೋಡಿ, "ಮೇಷ್ಟ್ರೇ, ನಿಮಿಗೆ ಸುಳ್ಳು ಹೇಳಾಕೆ ಬರಲ್ಲ, ಕಾಗ್ದ ಓದ್ರಿ" ಅಂದಳು. ಓದಿದೆ. ಈಗ ಅವಳು ಶಾಲೆಗೇ ಬಂದು ಎದುರಿಗೆ ಕೂತಿದ್ದಾಳೆ. ನಾನು ಹೇಳಿದಂಗೇ ಬರೀರಿ, ನಿಮ್ಮ ಪುಸ್ತಕದ ಮಾತು ಸೇರಿಸಬ್ಯಾಡ್ರಿ ಎಂದು ತಾಕೀತು ಮಾಡಿದ್ದಾಳೆ. ಇನ್ನು ಮುಂದಿನದು ಕರಿಯಕ್ಕನದು.

ಚಿನ್ನಾ, ನಾನು ನಿಮ್ಮವ್ವ. ಹಬ್ಬಕ್ಕೆ ನೀ ಬರ್ಲಿಲ್ಲ. ಹೋಳಿಗೆ ಮಾಡಿದ್ದೆ. ನಿನ್ ಪಾಲಿಂದು ತೆಗೆದಿಟ್ಟು ಮೂರನೇ ದಿನಕ್ಕೆ ಎಮ್ಮೆಗೆ ಹಾಕ್ದೆ. ಎಮ್ಮೆ ಬಾಳ ಸಂತೋಷವಾಗೈತೆ. ನಿಂಗೆ ನಾಚ್ಕೆ ಆಗ್ಬೇಕು.

ಅಲ್ಲಲೇ, ವಾರ ವಾರ ಬಿಸಿ ಬಿಸಿ ಕಾಪಿ ಕುಡುದು ನಾಲಿಗೆ ಸುಟ್ಕೊಂತೀಯಂತೆ. ಬೊಮ್ಮಣ್ಣನೇ ಹೇಳ್ದ. ಕಾಸು ಕೊಟ್ಟು ಸುಟ್ಕೊಳೋನು, ಪುಕ್ಕಟೆ ಸುಟ್ರೆ ಬ್ಯಾಡ ಅಂತೀಯಾ? ನಾನು ಓದಿದೋಳಲ್ಲ. ನೀನು ಬರ್ದಿದ್ದು ನಂಗೆ ಅರ್ಧ ತಿಳೀತು. ಆ ಹುಡ್ಗ ನಿಂಗೆ ಜಾಗ ಇಟ್ಟಿದ್ದ ಅನ್ನೋದು ತಿಳೀತು. ಅವನ ಹೊಟ್ಟೆ ತಣ್ಣಗಿರ್ಲಿ. ಊರು ಬಿಟ್ಟು ಹೋದ ದಿನ ನೀನು ಗಾಡಿ ಮ್ಯಾಲೆ ಕುಂತ್ಕಂಡು ತಿರುಗಿ ನೋಡ್ಲೇ ಇಲ್ಲ. ಅಲ್ಲಿ ಯಾರು ಇವನಿಗೆ ಬಾ ಅಂತಾರೆ, ಯಾರು ಕುಂದ್ರು ಅಂತಾರೆ ಅಂತ ನಾನು ರಾತ್ರೆಲ್ಲ ಅತ್ತಿದ್ದೆ. ಅವ್ನು ಅಂದ. ನಂಗೆ ಅಷ್ಟು ಸಾಕು.

ನಿಮ್ಮಪ್ಪ ಏನೂ ಅನ್ನಲ್ಲ. ದನ ಹೊಡ್ಕೊಂಡು ಹೋಗ್ತಾನೆ, ಬರ್ತಾನೆ. ನಾನು ಕೇಳ್ದೆ, "ಯಜಮಾನ ಅನ್ನೋದು ಅಂಗಿ ಇದ್ದಂಗೆ, ಮನೆಗೆ ಬಂದಾಗ ಬಿಚ್ಚಿಡಾಕೆ ಆಗಲ್ಲೇನು?" ಅಂತ. ಎದ್ದು ಹೋದ. ಮನೆ ಒಳಗೆ ಬರ್ದಿದ್ರೂ ಚಿಂತಿಲ್ಲ, ಅಂಗಳದಾಗೆ ನಿಂತು ಮಖ ತೋರ್ಸಿ ಹೋಗು ಮಗನೇ.

ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು. ನಾನು ಏನನ್ನೂ ಸೇರಿಸಿಲ್ಲ.

ಕೊಟ್ಟೂರಪ್ಪ

*

ಮೈಸೂರು
ನವೆಂಬರ್ ೨೩, ೧೯೧೩, ಭಾನುವಾರ

ಪೂಜ್ಯ ಮೇಷ್ಟ್ರಿಗೆ,

ಅವ್ವನ ಕಾಗದವನ್ನು ಎಷ್ಟು ಸಲ ಓದಿದೆನೋ. ಇವತ್ತು ಹೋಟೆಲಿಗೆ ಹೋಗಿ, ಅವ್ವ ನೆನಪಾಗಿ ಚಾಪೆಯ ಮೇಲೆ ಕೂರಲಾಗದೆ, ಕಂಬದ ಹತ್ತಿರ ನಿಂತೇ ದೋಸೆ ತಿಂದೆ. ಕ್ಯಾತಪ್ಪನಿಗೆ ಈಗ ಎಲ್ಲ ಗೊತ್ತಾಗಿದೆ. ಅವನು ನಗಲಿಲ್ಲ, ದೊರೆಯನ್ನು ಅಣಕಿಸಲೂ ಇಲ್ಲ. ತನ್ನ ಎಲೆಯನ್ನು ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ತಾನೂ ನಿಂತುಕೊಂಡ. ಹೀಗೆ ಇಬ್ಬರು ನಿಂತು ತಿಂದರೆ ದೋಸೆಗೆ ರುಚಿ ಎಲ್ಲಿಂದ ಬರಬೇಕು? ಕಳೆದ ವರ್ಷದ ಭಾನುವಾರಗಳು ಹೋದವು, ಇನ್ನು ಬರುವುದಿಲ್ಲ ಎಂದು ಅನ್ನಿಸಿತು.

ಅಂಗಳದಲ್ಲಿ ನಿಂತು ಮುಖ ತೋರಿಸಿ ಹೋಗಲು ನನ್ನಿಂದಾಗದು. ಅವ್ವ ಒಳಗೆ, ನಾನು ಹೊರಗೆ. ಅದಕ್ಕಿಂತ ದೂರವೇ ವಾಸಿ. ಅಪ್ಪ ನನ್ನ ಬಗ್ಗೆ ಒಂದು ಮಾತನ್ನಾದರೂ ಆಡಿದ್ದರೆ ಬರೆಯಿರಿ. ಬೈಗುಳವಾದರೂ ಸರಿ.

ಚಿನ್ನಯ್ಯ

*

ಚಳ್ಳಕೆರೆ
ಡಿಸೆಂಬರ್ ೨೮, ೧೯೧೩

ಚಿರಂಜೀವಿ ಚಿನ್ನಯ್ಯನಿಗೆ,

ಆಶೀರ್ವಾದ. ನಿನ್ನವ್ವ ಏನು ಮಾಡಿದಳು ಎಂದು ಬರೆಯುತ್ತೇನೆ. ಕೂತುಕೊಂಡು ಓದು, ನಿಂತುಕೊಂಡು ಓದುವಂಥದಲ್ಲ.

ಹೋದ ಸಂತೆಯ ದಿನ ಹಿರಿಯರೆಲ್ಲ ಮತ್ತೆ ಹುಣಸೆಮರದ ಕೆಳಗೆ ಸೇರಿದ್ದರು. ಕರಿಯಕ್ಕ ನೇರವಾಗಿ ಶಾಲೆಯೊಳಗೆ ಬಂದಳು. ಮಕ್ಕಳು ಕೂರುವ ಈಚಲ ಚಾಪೆಯನ್ನು, ನಾನು ಹಾಂ ಹಾಂ ಅನ್ನುವುದರೊಳಗೆ, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಹಿರಿಯರ ಎದುರಿಗೇ ಅದನ್ನು ಬಿಡಿಸಿ ಹಾಸಿ, ಅದರ ನಡುಮಧ್ಯೆ ಕೂತಳು. ಎಲೆ ಅಡಿಕೆ ತೆಗೆದು ಹಾಕಿಕೊಂಡಳು.

"ಇದೇನು ಮಾಡ್ದೆ ಕರಿಯಕ್ಕ!" ಎಂದು ಒಬ್ಬರು ಕೂಗಿದರು.

"ನನ್ ಮಗ ಹೊರಗೆ ನಿಂತವ್ನೆ. ನಾನೂ ಹೊರಗೆ ಬಂದೆ. ಈಗ ನಾವಿಬ್ರೂ ಒಂದೇ ಕಡೆ ಅದೀವಿ, ಕುಂತ್ಕಂಡು ಉಣ್ತೀವಿ. ನೀವು ಒಳಗಿರೋರು ನಿಮ್ ಪಾಡಿಗೆ ಒಳಗಿರ್ರಿ" ಅಂದಳು.

ಅವತ್ತಿನಿಂದ ದನದ ರೊಪ್ಪದ ಪಕ್ಕದ ಹುಲ್ಲುಗುಡಿಸಲಿನಲ್ಲಿ ಇದ್ದಾಳೆ. ತನ್ನ ರೊಟ್ಟಿ ತಾನು ಸುಟ್ಟುಕೊಳ್ಳುತ್ತಾಳೆ. ನಿಮ್ಮಪ್ಪನ ಪಾಡು ಕೇಳು. ತೀರ್ಪಿನ ಪ್ರಕಾರ ಅವಳು ಮಾಡಿದ್ದನ್ನು ಅವನು ಉಣ್ಣುವಂತಿಲ್ಲ. ಯಜಮಾನರು ಸ್ವತಃ ಹಿಟ್ಟು ಕಲಸುತ್ತಾರೆ. ರೊಟ್ಟಿ ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಇಲ್ಲಿ ಉಣ್ಣುವುದಕ್ಕೇ ದಾರಿಯಿಲ್ಲದೆ ಜಗಳ ಮುಗಿಯುವಂತೆಯೇ ಇಲ್ಲ. ಮೊದಮೊದಲು ನನಗೆ ನಗು ಬಂತು. ಮೊನ್ನೆ ಸಂಜೆ ಹಟ್ಟಿಗೆ ಹೋದಾಗ ಬರಲಿಲ್ಲ. ಅವಳು ಗುಡಿಸಲ ಬಾಗಿಲಲ್ಲಿ, ಅವನು ಮನೆಯ ಬಾಗಿಲಲ್ಲಿ ಕೂತಿದ್ದರು. ನಡುವೆ ಬರೀ ಅಂಗಳ. ಚಳಿಗೆ ಅವಳು ಕೆಮ್ಮಿದರೆ ಅವನು ತಲೆ ಎತ್ತಿ ನೋಡುತ್ತಿದ್ದ.

ನಿನ್ನ ಬಗ್ಗೆ ಅವನು ಏನಾದರೂ ಹೇಳಿದನೇ ಎಂದು ಕೇಳಿದ್ದೀಯ. ಮೊನ್ನೆ ನನ್ನನ್ನು ಕಳಿಸಲು ಹಟ್ಟಿಯ ಅಂಚಿನವರೆಗೆ ಬಂದ. ಅಲ್ಲಿ ನಿಂತು, "ಅಲ್ಲಿ ಚಳಿ ಜಾಸ್ತಿಯಾ ಮೇಷ್ಟ್ರೇ?" ಅಂದ. ಅಷ್ಟೇ ಅಂದದ್ದು. ಚಿನ್ನಯ್ಯ, ನಿನ್ನ ಮಾತಿನಲ್ಲಿ ನ್ಯಾಯವಿದೆ. ಆದರೆ ನಿನ್ನವ್ವ ಗುಡಿಸಲಲ್ಲಿದ್ದಾಳೆ. ಇದಕ್ಕಿಂತ ಹೆಚ್ಚು ಹೇಳಲು ನನಗೆ ತಿಳಿಯದು.

ಕೊಟ್ಟೂರಪ್ಪ

*

ಮೈಸೂರು
ಜನವರಿ ೪, ೧೯೧೪

ಪೂಜ್ಯ ಮೇಷ್ಟ್ರಿಗೆ,

ಸಂಕ್ರಾಂತಿಗೆ ಬರುತ್ತೇನೆ. ರೈಲು ಇಳಿದು ದುರ್ಗದ ಮೇಲೆ ಗಾಡಿ ಹಿಡಿಯುತ್ತೇನೆ. ಬಂಗಾರ ಕಾಯಿಸಲಿ. ಕ್ಯಾತಪ್ಪನಿಗೆ ಹೇಳಿದೆ. "ನಮ್ಮವ್ವ ಹಂಗೆ ಕುಂತಿದ್ರೆ ನಾನು ಓಡ್ಕೊಂಡೇ ಹೋಗ್ತಿದ್ದೆ, ನೀನಿನ್ನೂ ಇಲ್ಲೇ ಅದೀಯಲ್ಲಲೇ!" ಎಂದು ನನ್ನನ್ನೇ ಬೈದ. ದಾರಿಗೆ ಚಕ್ಕುಲಿ ಕಟ್ಟಿಕೊಟ್ಟಿದ್ದಾನೆ. ಅವ್ವನನ್ನು ಮನೆಯೊಳಗೆ ಹೋಗಲು ಹೇಳಿ. ಅಪ್ಪ ಗೆದ್ದನೆಂದು ಹೇಳಿ.

ಚಿನ್ನಯ್ಯ

*

ಚಳ್ಳಕೆರೆ
ಜನವರಿ ೮, ೧೯೧೪

ಚಿರಂಜೀವಿ ಚಿನ್ನಯ್ಯನಿಗೆ,

ಆಶೀರ್ವಾದ. ನಿನ್ನ ಕಾರ್ಡು ಈಗ ತಾನೇ ಕೈಸೇರಿತು. ಅದು ಬರುವುದಕ್ಕೆ ಮುಂಚೆಯೇ ಇಲ್ಲಿ ಎಲ್ಲ ಮುಗಿದುಹೋಗಿದೆ. ಈ ಕಾಗದ ನೀನು ಹೊರಡುವುದರೊಳಗೆ ತಲುಪಲಿ ಎಂದು ಟಪಾಲಿನವನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಸೋಮವಾರ ನಿಮ್ಮಪ್ಪ ಹಟ್ಟಿಯವರನ್ನೆಲ್ಲ ಕಟ್ಟೆಮನೆಗೆ ಕರೆಸಿದ. ನನಗೂ ಹೇಳಿ ಕಳಿಸಿದ್ದ. ಹೆಂಡತಿಗೆ ಏನು ಶಿಕ್ಷೆ ಹೇಳುತ್ತಾನೋ ಎಂದು ಎಲ್ಲರೂ ಕಾದಿದ್ದರು. ಅವನು ಕಟ್ಟೆಯ ಮೇಲೆ ಕೂರಲಿಲ್ಲ. ಕೆಳಗೆ, ತಪ್ಪು ಮಾಡಿದವರು ನಿಲ್ಲುವ ಕಡೆ ಬಂದು ನಿಂತ.

"ಈಚಲು ಮುಟ್ಟಬಾರ್ದು ಅನ್ನೋದು ನಮ್ಮ ಹಿರೀಕರ ಮಾತು. ಅದ್ನ ನಾನು ಮುರಿಯಲ್ಲ, ಮುರಿಯಾಕೆ ನಾನ್ಯಾರು? ಆದ್ರೆ ಹುಡ್ಗನ್ನ ಮೈಸೂರಿಗೆ ಕಳ್ಸಿದ್ದು ನಾನು. ಅಲ್ಲಿ ಅವ್ನಿಗೆ ಯಾರಿದಾರೆ, ಎಲ್ಲಿ ಕುಂದ್ರುತಾನೆ ಅಂತ ಒಂದಿನ ಕೇಳ್ಲಿಲ್ಲ. ಅವ್ನ ಚಾಪೆ ಮ್ಯಾಲೆ ಕುಂದ್ರಿಸಿದೋನು ನಾನೇ. ಅವ್ಳನ್ನ ಕುಂದ್ರಿಸಿದೋನೂ ನಾನೇ. ಮನೆ ತಪ್ಪು ಮನೆ ಯಜಮಾನಂದು. ಕಾಯ್ಸ್ರಿ" ಅಂದ.

ಹಿರಿಯರು ಬೇಡ ಎಂದರು. ಅವನ ಅಕ್ಕ ಹೊನ್ನಕ್ಕ ಕಾಲು ಹಿಡಿದಳು. ಕರಿಯಕ್ಕ ಗುಡಿಸಲಿಂದ ಓಡಿ ಬಂದು, "ನನಗೆ ಮುಟ್ಟಿಸ್ರಿ, ಅವನಿಗೆ ಬ್ಯಾಡ" ಎಂದು ಅಡ್ಡ ನಿಂತಳು. ಅವನು ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ನಾನು ನೋಡಲಾರದೆ ಮುಖ ತಿರುಗಿಸಿದೆ. ಅವನ ಬಾಯಿಂದ ಒಂದು ಸದ್ದೂ ಬರಲಿಲ್ಲ. ಸಾಮಾನ್ಯವಾಗಿ ಮುಟ್ಟಿಸಿದಂತೆ ಮಾಡಿ ಬಿಡುತ್ತಾರಂತೆ. ಇವನು ನಮ್ಮ ಮೂವರ ಲೆಕ್ಕ ಎಂದು ಕಡ್ಡಿಯನ್ನು ತಾನೇ ನಾಲಿಗೆಗೆ ಒತ್ತಿ ಹಿಡಿದುಕೊಂಡ. ಈಗ ನಿನ್ನವ್ವ ಮನೆಯೊಳಗಿದ್ದಾಳೆ. ನಿನ್ನ ಮೇಲೆ ಯಾವ ತಪ್ಪೂ ಇಲ್ಲ.

ಇವತ್ತು ಬೆಳಿಗ್ಗೆ ಅವನು ಒಬ್ಬನೇ ಶಾಲೆಗೆ ಬಂದ. ನಾಲಿಗೆ ಊದಿಕೊಂಡು ಮಾತು ತೊದಲುತ್ತಿದೆ. ಬರಕೊಳ್ರಿ ಎಂದು ಸನ್ನೆ ಮಾಡಿ, ನಿಧಾನವಾಗಿ ಇಷ್ಟನ್ನು ಹೇಳಿದ:

ಚಿನ್ನಯ್ಯಾ, ನಾನು ನಿಮ್ಮಪ್ಪ. ಕಾಗ್ದ ಬರೆಸಿ ನಂಗೆ ರೂಢಿಯಿಲ್ಲ. ನೀನು ಬರೋದು ಬಿಡೋದು ನಿನಗೆ ಬಿಟ್ಟಿದ್ದು, ಬಂದ್ರೆ ಮನೆ ಒಳಗೇ ಬರ್ಬೇಕು. ಆ ಈಚಲು ಇಳಿಸೋರ ಹುಡ್ಗನ ಮ್ಯಾಲೆ ನಾನು ತೀರ್ಪು ಹೇಳಿಲ್ಲ. ಅವರಪ್ಪ ಮರ ಹತ್ತಿ ಓದಿಸ್ತಾನೆ, ನಾನು ದನ ಕಾದು ಓದಿಸ್ತೀನಿ.

ನನ್ ನಾಲಿಗೆಗೆ ಈಗ ಉಪ್ಪು, ಖಾರ ಏನೂ ಗೊತ್ತಾಗ್ತಿಲ್ಲ. ನಿಮ್ಮವ್ವ ಎದುರಿಗೆ ಕುಂತು ಅಂಬಲಿ ಕುಡಿಸ್ತಾಳೆ, ನೀರು ಕುಡಿದಂಗೆ ಆಗುತ್ತೆ. ಅವತ್ತು ಬೊಮ್ಮಣ್ಣ ಆ ದ್ವಾಸೆ ವಿಚಾರ ಶುರು ಮಾಡಿದ್ದ. ನಾನು ಅರ್ಧಕ್ಕೇ ಎದ್ದು ಬಂದುಬಿಟ್ಟೆ. ಬಂದು ನನ್ ಪಕ್ಕದಾಗೆ ಕುಂತು ಹೇಳು ಮಗನೇ, ಅದು ಹೆಂಗಿರ್ತದೆ?

ಕಾಟಪ್ಪ, ಹೆಬ್ಬೆಟ್ಟಿನ ಗುರುತು
ಬರೆದವನು ಕೊಟ್ಟೂರಪ್ಪ